ಡೆಂಗಿ ವೈರಸ್, ಕೆರೆ ಪಾಚಿ, ಹೂವಿನ ಪರಾಗ: ಮೂರಕ್ಕೂ ಒಂದೇ ಮೂಲದ ಪ್ರೋಟೀನ್ ಬಂದಿದ್ದು ಎಲ್ಲಿಂದ?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಒಂದು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀನಿ. ಫಲೀಕರಣದ ಪಾಠ ನಡೀತಿದ್ದಾಗ ಒಬ್ಬ ಹುಡುಗಿ ಎದ್ದು "ವೀರ್ಯಾಣು ಅಂಡಾಣು ಸೇರ್ತವೆ ಅಂತೀರಲ್ಲ ಮೇಡಂ, ಎರಡರ ಪೊರೆ ಒಂದಾಗೋದು ಹೇಗೆ" ಅಂತ ಕೇಳಿದಳು. ಅದಕ್ಕೇ ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ, ಅಷ್ಟರಲ್ಲಿ ಇನ್ನೊಬ್ಬ "ಆ ಪ್ರೋಟೀನ್ ವೈರಸ್ಸಿಂದ ಬಂದಿದ್ದಂತೆ, ವಿಡಿಯೋದಲ್ಲಿ ನೋಡಿದೆ" ಅಂದ. ಇದು ನಿಜವಾ? ಆ ಪ್ರೋಟೀನ್ ಮನುಷ್ಯರಲ್ಲೂ ಇದೆಯಾ?

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿಬಿಡಿ. ಪಠ್ಯದಲ್ಲಿ "ಗ್ಯಾಮೀಟ್‌ಗಳು ಕೂಡಿ ಯುಗ್ಮಜ ಆಗುತ್ತದೆ" ಅಂತ ಒಂದು ಸಾಲಲ್ಲಿ ಮುಗಿಸ್ತಾರೆ (ಗ್ಯಾಮೀಟ್ ಅಂದ್ರೆ ವೀರ್ಯಾಣು, ಅಂಡಾಣುವಿನಂಥ ಸಂತಾನದ ಕೋಶ), ಆ ಸಾಲಿನ ಒಳಗೆ ಏನು ನಡೆಯುತ್ತೆ ಅನ್ನೋದು 2000ನೇ ಇಸವಿ ಹೊತ್ತಿಗೂ ಈ ಫೀಲ್ಡಲ್ಲಿ ಇರೋರಿಗೇ ಹೆಚ್ಚುಕಮ್ಮಿ ಕತ್ತಲೆ, ಈಗ ಅರ್ಧ ಬೆಳಕಾಗಿದೆ, ಅದೂ ನಮ್ಮ ವೀರ್ಯಾಣುವಿಗಿಂತ ಕೆರೆ ಪಾಚಿದೇ ಚೆನ್ನಾಗಿ ಗೊತ್ತು. ಇನ್ನು ವಿಡಿಯೋ ವಿಷಯ, ಪೂರ್ತಿ ಸುಳ್ಳಲ್ಲ, ವೈರಸ್ಸಿಗೂ ಗ್ಯಾಮೀಟಿಗೂ ನಂಟು ಇರೋದು ಖಾತ್ರಿ. ಆದ್ರೆ ಯಾರಿಂದ ಯಾರಿಗೆ ಹೋಯ್ತು ಅನ್ನೋದನ್ನ ಅವರು ಹೇಳಿದಷ್ಟು ಸಲೀಸಾಗಿ ಹೇಳೋಕಾಗಲ್ಲ, ನನ್ನ ಉತ್ತರದ ತಿರುಳು ಇದೇ.

ಪೊರೆ ಯಾಕೆ ತಾನಾಗೇ ಕೂಡಲ್ಲ ಅನ್ನೋದರಿಂದ ಶುರು ಮಾಡೋಣ. ಸಾರಿನ ಮೇಲೆ ತೇಲೋ ಎರಡು ಎಣ್ಣೆ ಹನಿ ಹತ್ರ ಬಂದ್ರೆ ಸುಮ್ನೆ ಒಂದಾಗಿಬಿಡ್ತವೆ, ಕೋಶದ ಪೊರೆನೂ ಕೊಬ್ಬಿಂದೇ ಆದ್ರೂ ಅದು ಹಂಗಲ್ಲ. ಅದರಲ್ಲಿ ಎರಡು ಪದರ, ಕೊಬ್ಬಿನ ಬಾಲಗಳೆಲ್ಲ ಒಳಮುಖ, ನೀರನ್ನ ಇಷ್ಟಪಡೋ ತಲೆಗಳೆಲ್ಲ ಹೊರಮುಖ, ಆ ತಲೆಗಳಿಗೆ ನೀರಿನ ಒಂದು ತೆಳು ಪದರ ಅಂಟಿಕೊಂಡೇ ಇರುತ್ತೆ. ಎರಡು ಕೋಶ ಎಷ್ಟೇ ಒತ್ತಿಕೊಂಡ್ರೂ ಕೊನೆಯ ಒಂದೆರಡು ನ್ಯಾನೋಮೀಟರ್ ದೂರದಲ್ಲಿ ಆ ನೀರನ್ನ ಆಚೆ ತಳ್ಳೋಕೆ ತುಂಬಾ ಶಕ್ತಿ ಬೇಕು. ಹಂಗಿರೋದೇ ಒಳ್ಳೇದು ಬಿಡಿ, ಇಲ್ಲಾಂದ್ರೆ ನಮ್ಮ ಲಿವರ್ರಿನ ಕೋಶಗಳೆಲ್ಲ ಸೇರಿ ಒಂದೇ ಮುದ್ದೆ ಆಗಿರ್ತಿದ್ವು. ಹಾಗಾಗಿ ಕೂಡಿಸೋಕೆ ಅಂತಾನೇ ಪ್ರೋಟೀನ್ ಬೇಕು, ಇಂಥವಕ್ಕೆ ಫ್ಯೂಸೋಜೆನ್ ಅಂತಾರೆ. ಕೆಲಸ ಮಾಡೋ ರೀತಿ ಹೆಚ್ಚುಕಮ್ಮಿ ಇಷ್ಟೇ: ಪ್ರೋಟೀನಿನ ಒಂದು ತುದಿ ತನ್ನ ಪೊರೆಯಲ್ಲಿ ಬೇರೂರಿರುತ್ತೆ, ಇನ್ನೊಂದು ತುದಿಯಲ್ಲಿ ನೀರನ್ನ ದೂರ ಇಡೋ ಜಿಡ್ಡಿನ ಭಾಗ ಇರುತ್ತೆ, ಅದನ್ನ ಎದುರಿನ ಪೊರೆಗೆ ಚುಚ್ಚುತ್ತೆ, ಆಮೇಲೆ ಇಡೀ ಪ್ರೋಟೀನ್ ನಡು ಮಡಚಿಕೊಂಡು ಎರಡು ತುದಿ ಹತ್ತಿರ ಬರ್ತವೆ, ಅದರ ಜೊತೆ ಎರಡು ಪೊರೆನೂ ಎಳ್ಕೊಂಡು ಬರ್ತವೆ. ಮೊದಲು ಹೊರಗಿನ ಪದರ ಮಾತ್ರ ಬೆರೆಯುತ್ತೆ, ಆಮೇಲೆ ಒಳಗಿನದು, ಆಗ ಒಂದು ಸಣ್ಣ ತೂತು ಬೀಳುತ್ತೆ, ತೂತು ದೊಡ್ಡದಾಗುತ್ತೆ, ಎರಡು ಕೋಶ ಒಂದಾಯ್ತು. ಒಂದು ಪ್ರೋಟೀನ್ ಒಂಟಿಯಾಗಿ ಇಷ್ಟೆಲ್ಲ ಎಳೆಯಲ್ಲ, ಮೂರು ಮೂರು ಕಟ್ಟಾಗಿ, ಅಂಥ ಹಲವಾರು ಕಟ್ಟು ಒಟ್ಟಿಗೆ ಕೆಲಸ ಮಾಡ್ತವೆ.

ಗ್ಯಾಮೀಟ್‌ಗಳಲ್ಲಿ ಈ ಕೆಲಸ ಮಾಡೋ ಪ್ರೋಟೀನು ಮೊದಲು ಸಿಕ್ಕಿದ್ದು ಪ್ರಾಣಿಯಲ್ಲಿ ಅಲ್ಲ, ಗಿಡದಲ್ಲಿ. 2004ರಲ್ಲಿ ಅರಾಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಪರಾಗ ಕೆಟ್ಟಿರೋ ಮ್ಯುಟೆಂಟ್‌ಗಳನ್ನ ಹುಡುಕ್ತಾ ಹ್ಯಾಪ್2 ಅನ್ನೋ ಜೀನ್ ಸಿಕ್ತು, 2006ರಲ್ಲಿ ಜಪಾನಿನವರು ಲಿಲ್ಲಿ ಹೂವಿನ ಪರಾಗದಿಂದ ಅದನ್ನೇ ಬೇರೆ ದಾರಿಯಲ್ಲಿ ಹಿಡಿದು ಜಿಸಿಎಸ್1 ಅಂತ ಕರೆದ್ರು. ಎರಡೂ ಒಂದೇ, ಇಲ್ಲಿ ಹ್ಯಾಪ್2 ಅಂತಲೇ ಬರೀತೀನಿ. ಇದು ಇಲ್ಲದಿದ್ರೆ ಪರಾಗನಾಳ ಅಂಡಕದವರೆಗೂ ಬರುತ್ತೆ, ಒಡೆದು ಎರಡು ಗಂಡು ಕೋಶವನ್ನ ಬಿಡುತ್ತೆ, ಅವು ಅಂಡದ ಪಕ್ಕದಲ್ಲೇ ಬಿದ್ದಿರ್ತವೆ, ಕೂಡಲ್ಲ. ಹೂಬಿಡೋ ಗಿಡಗಳಲ್ಲಿ ಎರಡು ಸಲ ಕೂಡಬೇಕು ಅನ್ನೋದು ನೀವೇ ಪಾಠ ಮಾಡ್ತೀರಿ, ಒಂದು ಅಂಡದ ಜೊತೆ, ಇನ್ನೊಂದು ಮಧ್ಯಕೋಶದ ಜೊತೆ, ಆ ಎರಡನೇದರಿಂದ ಎಂಡೋಸ್ಪರ್ಮ್, ಅಂದ್ರೆ ಬೀಜದೊಳಗಿನ ಆಹಾರದ ಭಾಗ. ಅಕ್ಕಿ, ರಾಗಿ ಹಿಟ್ಟು, ಎಳನೀರು, ತೆಂಗಿನಕಾಯಿಯ ಬಿಳಿ ತಿರುಳು, ಇವೆಲ್ಲ ಬಹುಪಾಲು ಆ ಎರಡನೇ ಕೂಡುವಿಕೆಯ ಫಲಾನೇ. ಮಕ್ಕಳಿಗೆ ಕಾಯಿ ಒಡೆದು ತೋರಿಸಿ ಹೇಳಿ, ಮರೆಯಲ್ಲ.

ಆದ್ರೆ ಗಿಡದಲ್ಲಿ ಇದೆಲ್ಲ ಅಂಡಾಶಯದ ಒಳಗೆ ನಡೆಯೋದರಿಂದ, "ಅಂಟಿಕೊಳ್ಳಲಿಲ್ವಾ, ಅಂಟಿಕೊಂಡೂ ಕೂಡಲಿಲ್ವಾ" ಅಂತ ಬಿಡಿಸಿ ನೋಡೋದು ಕಷ್ಟ. ಅದನ್ನ ಬಿಡಿಸಿಕೊಟ್ಟಿದ್ದು ಕ್ಲ್ಯಾಮಿಡೋಮೊನಾಸ್ ಅನ್ನೋ ಒಂಟಿಕೋಶದ ಹಸಿರು ಪಾಚಿ, ನಿಮ್ಮ ಲ್ಯಾಬಿನ ಸ್ಲೈಡ್ ಡಬ್ಬದಲ್ಲೂ ಇದ್ದೇ ಇರುತ್ತೆ. ಇದಕ್ಕೆ ಗಂಡು ಹೆಣ್ಣು ಅಂತಿಲ್ಲ, ಪ್ಲಸ್ ಮತ್ತು ಮೈನಸ್ ಅಂತ ಎರಡು ಬಗೆ. ನೀರಿನಲ್ಲಿ ನೈಟ್ರೋಜನ್ ತೆಗೆದುಬಿಟ್ರೆ ಎರಡೂ ಗ್ಯಾಮೀಟ್ ಆಗಿ ರೆಡಿಯಾಗ್ತವೆ, ಬೆರೆಸಿದ ತಕ್ಷಣ ಕಶಾಂಗಗಳು, ಅಂದ್ರೆ ಫ್ಲ್ಯಾಜೆಲ್ಲಾ, ಒಂದಕ್ಕೊಂದು ಅಂಟಿಕೊಂಡು ಗುಂಪುಗುಂಪಾಗಿ ನಡುಗೋಕೆ ಶುರು ಮಾಡ್ತವೆ, ಹೊರಗಿನ ಕೋಶಭಿತ್ತಿ ಕರಗಿಸಿಕೊಂಡು ಕಳಚಿ ಹಾಕ್ತವೆ, ಆಮೇಲೆ ಪ್ಲಸ್ ಕೋಶ ಮುಂದೆ ಒಂದು ಸಣ್ಣ ಕೊಳವೆ ಚಾಚುತ್ತೆ. ಕೂಡಿದ್ವಾ ಇಲ್ವಾ ಅಂತ ಗೊತ್ತಾಗೋದು ಸುಲಭ, ಒಂದು ಕೋಶಕ್ಕೆ ಎರಡು ಕಶಾಂಗ, ಕೂಡಿದ ಕೋಶಕ್ಕೆ ನಾಲ್ಕು, ಮೈಕ್ರೋಸ್ಕೋಪ್ ಕೆಳಗೆ ನಾಲ್ಕು ಬಾಲದವು ಎಷ್ಟು ಅಂತ ಎಣಿಸಿದ್ರೆ ಆಯ್ತು. 2008ರಲ್ಲಿ ಅಮೆರಿಕದ ವಿಲಿಯಂ ಸ್ನೆಲ್ ಮತ್ತು ಅವರ ಜೊತೆಯವರು ಹ್ಯಾಪ್2 ಇಲ್ಲದ ಮೈನಸ್ ಕೋಶಗಳನ್ನ ಮಾಮೂಲಿ ಪ್ಲಸ್ ಕೋಶಗಳ ಜೊತೆ ಬಿಟ್ರು. ಕಶಾಂಗ ಅಂಟ್ತು, ಭಿತ್ತಿ ಕಳಚಿತು, ಕೊಳವೆ ಬಂತು, ಎರಡರ ಪೊರೆ ಸುಮಾರು 10 ನ್ಯಾನೋಮೀಟರ್ ಅಂತರದಲ್ಲಿ ಮುಖಾಮುಖಿ ಅಂಟಿಕೊಂಡು ನಿಂತ್ವು, ಅಲ್ಲಿಗೆ ಎಲ್ಲ ನಿಂತುಹೋಯ್ತು, ನಾಲ್ಕು ಬಾಲದ್ದು ಇಲ್ಲವೇ ಇಲ್ಲ. ಅದೇ ಪ್ಲಸ್ ಕಡೆಯ ಫಸ್1 ಅನ್ನೋ ಬೇರೆ ಪ್ರೋಟೀನ್ ತೆಗೆದ್ರೆ ಆ ಮುಖಾಮುಖಿ ಅಂಟಿಕೊಳ್ಳೋದೇ ಆಗಲ್ಲ. ಅಂದ್ರೆ ಅಂಟಿಸೋರು ಬೇರೆ, ಕೂಡಿಸೋರು ಬೇರೆ. ಇದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ, ನಮ್ಮ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಇನ್ನೊಂದು ಸೊಗಸು ಏನಂದ್ರೆ, ಒಮ್ಮೆ ಕೂಡಿದ ಮೇಲೆ ಹ್ಯಾಪ್2, ಫಸ್1 ಎರಡನ್ನೂ ಕೋಶ ಬೇಗ ಬೇಗ ಹಾಳು ಮಾಡಿಬಿಡುತ್ತೆ, ಮೂರನೇ ಕೋಶ ಬಂದು ಸೇರಿಕೊಳ್ಳದೆ ಇರಲಿ ಅಂತ.

ಅದೇ ಸಂಶೋಧನೆಯಲ್ಲಿ ಇಲಿಗೆ ಬರೋ ಮಲೇರಿಯಾ ಪರಾವಲಂಬಿಯಲ್ಲೂ ಹ್ಯಾಪ್2 ತೆಗೆದು ನೋಡಿದ್ರು, ಅದರ ಗಂಡು ಗ್ಯಾಮೀಟ್ ಹೆಣ್ಣಿಗೆ ಅಂಟ್ತು, ಕೂಡಲಿಲ್ಲ. ಹೂಗಿಡ, ಪಾಚಿ, ಮಲೇರಿಯಾ ಪರಾವಲಂಬಿ, ಇವು ಒಂದಕ್ಕೊಂದು ನೂರಾರು ಕೋಟಿ ವರ್ಷದ ಹಿಂದೆ ಬೇರೆಯಾದ ಕವಲುಗಳು. ಮುಂದೆ ಹುಡುಕ್ತಾ ಹೋದ ಹಾಗೆ ಹೈಡ್ರಾದಲ್ಲಿ, ಕೆಲವು ಕೀಟಗಳಲ್ಲಿ, ಟ್ರಿಪನೊಸೋಮ ಅನ್ನೋ ಒಂಟಿಕೋಶದ ಪರಾವಲಂಬಿಯಲ್ಲಿ, ಲೋಳೆ ಬೂಜಿನಲ್ಲೂ ಇದೇ ಜೀನ್ ಸಿಕ್ತು. ಹಾಗಾಗಿ ನ್ಯೂಕ್ಲಿಯಸ್ ಇರೋ ಎಲ್ಲ ಜೀವಿಗಳ ಕಟ್ಟಕಡೆಯ ಸಾಮಾನ್ಯ ಪೂರ್ವಜನಲ್ಲೇ ಇದು ಇತ್ತು ಅನ್ನೋದರಲ್ಲಿ ಈಗ ಹೆಚ್ಚು ತಕರಾರಿಲ್ಲ.

ಈಗ ವೈರಸ್ ಕಥೆಗೆ ಬರೋಣ, ನಿಮ್ಮ ಜಿಲ್ಲೆಗೂ ಇದರಲ್ಲಿ ಒಂದು ಎಳೆ ಇದೆ. ಮಂಗನ ಕಾಯಿಲೆ, 1957ರಲ್ಲಿ ಸೊರಬ ಕಡೆಯ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು, ಅದರ ವೈರಸ್ಸು ಫ್ಲಾವಿವೈರಸ್ ಕುಟುಂಬದ್ದು, ಉಣ್ಣಿಯಿಂದ ಹರಡೋ ಗುಂಪಿಗೆ ಸೇರಿದ್ದು. ಆ ಗುಂಪಿನಲ್ಲೇ ಯುರೋಪಿನಲ್ಲಿ ಮಿದುಳು ಜ್ವರ ತರೋ ಇನ್ನೊಂದು ವೈರಸ್ ಇದೆ, ಅದರ ಹೊರಕವಚದ ಇ-ಪ್ರೋಟೀನಿನ ಆಕಾರವನ್ನ 1995ರಲ್ಲಿ ಫೆಲಿಕ್ಸ್ ರೇ ಮತ್ತು ಸಂಗಡಿಗರು ಎಕ್ಸ್‌ರೇ ಕ್ರಿಸ್ಟಲೋಗ್ರಫಿಯಲ್ಲಿ ಬಿಡಿಸಿ ತೋರಿಸಿದ್ರು. ಉದ್ದಕ್ಕೆ ಮೂರು ಭಾಗ, ಹೆಚ್ಚಿನಂಶ ಬೀಟಾ ಹಾಳೆಗಳು, ಒಂದು ತುದಿಯಲ್ಲಿ ಚುಚ್ಚೋ ಕುಣಿಕೆ. ಇಂಥದಕ್ಕೆ ಆಮೇಲೆ ಎರಡನೇ ವರ್ಗದ ಫ್ಯೂಸೋಜೆನ್ ಅಂತ ಹೆಸರು ಬಂತು. ಡೆಂಗಿ, ಜೀಕಾ, ಚಿಕನ್‌ಗುನ್ಯಾ, ರುಬೆಲ್ಲಾ ಎಲ್ಲ ಇದನ್ನೇ ಬಳಸೋದು. ಡೆಂಗಿ ವೈರಸ್ಸಿನ ಮೈಮೇಲೆ ಇಂಥ ಪ್ರೋಟೀನ್ 180 ಇರ್ತವೆ, ಎರಡೆರಡು ಜೋಡಿಯಾಗಿ ಮಲಗಿರ್ತವೆ, ನಮ್ಮ ಕೋಶ ವೈರಸ್ಸನ್ನ ಒಂದು ಚೀಲದೊಳಗೆ ನುಂಗಿದಾಗ ಆ ಚೀಲ ಹುಳಿಯಾಗುತ್ತೆ, ಹುಳಿ ತಾಗಿದ ಕೂಡಲೇ ಜೋಡಿ ಬಿಟ್ಟು ಎದ್ದು ಮೂರು ಮೂರಾಗಿ ಕಟ್ಟಿಕೊಂಡು ಚೀಲದ ಪೊರೆಗೆ ಚುಚ್ಚಿ, ಮೇಲೆ ಹೇಳಿದ ಹಾಗೆ ಮಡಚಿಕೊಳ್ತವೆ, ವೈರಸ್ಸಿನ ಆರ್‌ಎನ್‌ಎ ಒಳಗೆ ಇಳಿಯುತ್ತೆ.

ಅದೇ ಫೆಲಿಕ್ಸ್ ರೇ ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟಲ್ಲಿ ಇದ್ದಾಗ 2014ರಲ್ಲಿ, ಇಸ್ರೇಲಿನ ಬೆಂಜಮಿನ್ ಪೊಡ್ಬಿಲೆವಿಚ್ ಜೊತೆ ಸೇರಿ, ಒಂದು ದುಂಡುಹುಳದ ಚರ್ಮದ ಕೋಶಗಳನ್ನ ಕೂಡಿಸೋ ಇಎಫ್ಎಫ್-1 ಅನ್ನೋ ಪ್ರೋಟೀನಿನ ಆಕಾರ ತೆಗೆದ್ರು. ಅಮೈನೋ ಆಸಿಡ್ ಸಾಲು ನೋಡಿದ್ರೆ ವೈರಸ್ಸಿಗೂ ಅದಕ್ಕೂ ಏನೇನೂ ಸಂಬಂಧ ಕಾಣಲ್ಲ, ಆಕಾರ ನೋಡಿದ್ರೆ ತದ್ರೂಪು. ಮೂರು ವರ್ಷ ಆದಮೇಲೆ, 2017ರಲ್ಲಿ, ಕ್ಲ್ಯಾಮಿಡೋಮೊನಾಸಿನ ಹ್ಯಾಪ್2 ಆಕಾರನೂ ಬಂತು, ಅದೂ ಅದೇ, ಅದೇ ಮೂರು ಭಾಗ, ಅದೇ ಮೂರರ ಕಟ್ಟು, ಅದೇ ತುದಿಯ ಕುಣಿಕೆ. ಸಾಲು ಬದಲಾಗಿ ಗುರುತೇ ಸಿಗದಷ್ಟು ಕಾಲ ಕಳೆದಿದೆ, ಮಡಿಕೆಯ ವಿನ್ಯಾಸ ಮಾತ್ರ ಉಳಿದಿದೆ. ಇಷ್ಟು ಜಟಿಲವಾದ ವಿನ್ಯಾಸ ಬೇರೆ ಬೇರೆ ಕಡೆ ಕಾಕತಾಳೀಯವಾಗಿ ಬಂತು ಅನ್ನೋದನ್ನ ನಾನಂತೂ ನಂಬಲ್ಲ, ಈ ಫೀಲ್ಡಲ್ಲಿ ಹೆಚ್ಚಿನವರೂ ನಂಬಲ್ಲ, ಮೂಲ ಒಂದೇ.

ಅದೇ ವರ್ಷ ಪೊಡ್ಬಿಲೆವಿಚ್ ಲ್ಯಾಬಿನವರು ಮಾಡಿದ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಅರಾಬಿಡಾಪ್ಸಿಸ್ ಗಿಡದ ಹ್ಯಾಪ್2 ಜೀನನ್ನ ಹ್ಯಾಮ್‌ಸ್ಟರ್ ಮೂತ್ರಪಿಂಡದ ಕೋಶಕ್ಕೆ ಹಾಕಿದ್ರು. ಜನ್ಮದಲ್ಲಿ ಕೂಡದ ಕೋಶಗಳು ಕೂಡ್ಕೊಂಡು ಹಲವು ನ್ಯೂಕ್ಲಿಯಸ್ಸಿನ ದೊಡ್ಡ ಕೋಶಗಳಾದ್ವು. ಆಮೇಲೆ ಒಂದು ವೈರಸ್ಸಿನ ಸ್ವಂತ ಫ್ಯೂಸೋಜೆನ್ ಕಿತ್ತು, ಅದರ ಮೈಮೇಲೆ ಈ ಗಿಡದ ಪ್ರೋಟೀನ್ ಕೂರಿಸಿದ್ರು, ಆ ವೈರಸ್ಸು ಹ್ಯಾಪ್2 ಇರೋ ಕೋಶಗಳ ಒಳಗೆ ನುಗ್ತು! ಒಂದು ವ್ಯತ್ಯಾಸ ಮಾತ್ರ ಇದೆ, ಡೆಂಗಿಗೆ ಎದುರು ಕಡೆ ಅಂಥ ಪ್ರೋಟೀನ್ ಬೇಕಾಗಿಲ್ಲ, ಒಂದೇ ಕಡೆ ಇದ್ರೆ ಸಾಕು, ಈ ಪ್ರಯೋಗದಲ್ಲಿ ಎರಡೂ ಕಡೆ ಬೇಕಾಯ್ತು. ಪಾಚಿಯಲ್ಲಿ ನೋಡಿದ್ರೆ ಮತ್ತೆ ಮೈನಸ್ ಕಡೆ ಮಾತ್ರ. ಇದೆಲ್ಲ ಇನ್ನೂ ಪೂರ್ತಿ ಹೊಂದಾಣಿಕೆ ಆಗಿಲ್ಲ. ಇವರೇ ಈ ಇಡೀ ಕುಟುಂಬಕ್ಕೆ ಫ್ಯೂಸೆಕ್ಸಿನ್ ಅಂತ ಹೆಸರಿಟ್ರು.

ಹಾಗಾದ್ರೆ ವೈರಸ್ಸಿಂದ ಕೋಶಕ್ಕೋ, ಕೋಶದಿಂದ ವೈರಸ್ಸಿಗೋ? ಇಲ್ಲೇ ವಿಡಿಯೋದವರು ಅವಸರ ಮಾಡಿರೋದು. ವೈರಸ್ಸಿಂದ ಬಂತು ಅಂತ ಧೈರ್ಯವಾಗಿ ಹೇಳಬಹುದಾದ ಒಂದು ಕೇಸ್ ಇದೆ, ಅದು ಗ್ಯಾಮೀಟಿಂದಲ್ಲ, ಮಾಸಿಂದು, ಅಂದ್ರೆ ಪ್ಲಾಸೆಂಟಾದ್ದು. ತಾಯಿಯ ರಕ್ತಕ್ಕೆ ತಾಗಿರೋ ಮಾಸಿನ ಹೊರಪದರ ಲೆಕ್ಕವಿಲ್ಲದಷ್ಟು ಕೋಶ ಕೂಡಿ ಆದ ಒಂದೇ ಹಾಳೆ, ಅದನ್ನ ಕೂಡಿಸೋ ಸಿನ್ಸಿಟಿನ್ ಪ್ರೋಟೀನ್ ರೆಟ್ರೋವೈರಸ್ಸಿನ, ಅಂದ್ರೆ ತನ್ನ ಜೀನುಗಳನ್ನ ಕೋಶದ ಡಿಎನ್ಎಗೇ ಸೇರಿಸಿಬಿಡೋ ವೈರಸ್ಸಿನ, ಕವಚದ ಜೀನೇ ಅಂತ 2000ದಲ್ಲಿ ಗೊತ್ತಾಯ್ತು. ಹೇಗೆ ಗೊತ್ತಾಯ್ತು ಅಂದ್ರೆ, ನಮ್ಮ 7ನೇ ಕ್ರೋಮೋಸೋಮಿನಲ್ಲಿ ಆ ಜೀನಿನ ಅಕ್ಕಪಕ್ಕ ಅದೇ ವೈರಸ್ಸಿನ ಉಳಿದ ಜೀನ್‌ಗಳ ಮುರುಕು ತುಣುಕುಗಳು ಇನ್ನೂ ಬಿದ್ದಿವೆ. ಸಾಕ್ಷಿ ಸ್ಥಳದಲ್ಲೇ ಇದೆ. ಇಲಿಯಲ್ಲೂ ಸಿನ್ಸಿಟಿನ್ ಇದೆ, ಆದ್ರೆ ಅದು ಬೇರೆ ರೆಟ್ರೋವೈರಸ್ಸಿಂದ ಬೇರೆಯಾಗಿ ಬಂದಿದ್ದು. ಸಿನ್ಸಿಟಿನ್ ಆಕಾರದಲ್ಲಿ ಹ್ಯಾಪ್2 ಥರ ಅಲ್ಲ, ಅದು ಮೊದಲನೇ ವರ್ಗದ್ದು, ಎರಡನ್ನೂ ಕಲಸಬೇಡಿ. ವಿಡಿಯೋ ಮಾಡೋರು ಹೆಚ್ಚಾಗಿ ಕಲಸೋದು ಇದನ್ನೇ.

ಹ್ಯಾಪ್2 ವಿಷಯದಲ್ಲಿ ಅಂಥ ಸಾಕ್ಷಿ ಯಾವುದೂ ಉಳಿದಿಲ್ಲ, ಅಷ್ಟು ಹಳೇದು. 2017ರ ಹೊತ್ತಿಗೆ ವಾದ ಎರಡು ಕಡೆ ಇತ್ತು. ಒಂದು, ಪುರಾತನ ವೈರಸ್ಸೊಂದು ತನ್ನ ಜೀನನ್ನ ಆದಿಕೋಶದಲ್ಲಿ ಬಿಟ್ಟುಹೋಯ್ತು, ಕೋಶಗಳು ಕೂಡೋಕೆ ಶುರು ಮಾಡಿದ್ವು, ಅದೇ ಲೈಂಗಿಕ ಸಂತಾನದ ಆರಂಭ. ಇನ್ನೊಂದು, ಕೋಶದ್ದೇ ಸ್ವಂತ ಪ್ರೋಟೀನ್, ವೈರಸ್ಸು ಕದ್ದುಕೊಂಡು ಹೋಯ್ತು, ವೈರಸ್ಸುಗಳು ಆತಿಥೇಯರ ಜೀನ್ ಎತ್ತಿಕೊಂಡು ಹೋಗೋದು ಹೊಸದೇನಲ್ಲ. 2022ರಲ್ಲಿ ಇಬ್ಬರಿಗೂ ತಲೆನೋವು ತರೋ ಮೂರನೇ ಪಾರ್ಟಿ ಬಂತು. ನ್ಯೂಕ್ಲಿಯಸ್ಸೇ ಇಲ್ಲದ, ಬ್ಯಾಕ್ಟೀರಿಯಾ ಥರ ಕಂಡ್ರೂ ಬೇರೆಯಾದ ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳಲ್ಲಿ, ಅದರಲ್ಲೂ ಉಪ್ಪಿನ ನೀರಲ್ಲಿ ಬದುಕೋ ಕೆಲವದರ ಜೀನೋಮಿನಲ್ಲಿ, ಎಫ್ಎಸ್ಎಕ್ಸ್1 ಅನ್ನೋ ಫ್ಯೂಸೆಕ್ಸಿನ್ ಸಿಕ್ತು. ಅದರ ಕ್ರಿಸ್ಟಲ್ ರಚನೆ ತೆಗೆದು ನೋಡಿದ್ರೆ ಅದೇ ಮೂರರ ಕಟ್ಟು, ಜೊತೆಗೆ ಒಂದು ಎಕ್ಸ್‌ಟ್ರಾ ಭಾಗ. ಸಸ್ತನಿ ಕೋಶಕ್ಕೆ ಹಾಕಿದ್ರೆ ಅದೂ ಕೋಶ ಕೂಡಿಸುತ್ತೆ. ನಾವೆಲ್ಲ, ಅಂದ್ರೆ ನ್ಯೂಕ್ಲಿಯಸ್ ಇರೋ ಜೀವಿಗಳು, ಒಂದು ಆರ್ಕಿಯಾ ಮತ್ತು ಒಂದು ಬ್ಯಾಕ್ಟೀರಿಯಾ ಸೇರಿ ಆದವರು ಅಂತ ಪಾಠದಲ್ಲಿ ಬರುತ್ತಲ್ಲ, ಆ ಕಾರಣಕ್ಕೆ ಇದು ಭಾರೀ ಸುದ್ದಿ.

ಅದಕ್ಕಿಂತ ಕುತೂಹಲ ಅಂದ್ರೆ ಆ ಜೀನ್ ಕೂತಿರೋ ಜಾಗ. ಅದು ಆರ್ಕಿಯಾದ ಮಾಮೂಲಿ ಜೀನ್‌ಗಳ ನಡುವೆ ಇಲ್ಲ, ಒಂದು ಜೀನೋಮಿಂದ ಇನ್ನೊಂದಕ್ಕೆ ಜಿಗಿದು ಸೇರಿಕೊಳ್ಳೋ ಅಲೆಮಾರಿ ಡಿಎನ್‌ಎ ತುಂಡುಗಳ ಒಳಗಿದೆ. ಅಂಥ ತುಂಡಿಗೆ ಎರಡು ಕೋಶ ಕೂಡಿಸೋ ಸಾಮರ್ಥ್ಯ ಸಿಕ್ಕಿದ್ರೆ ಅದಕ್ಕೆ ಲಾಭ ಏನು ಅಂತ ಯೋಚಿಸಿ, ಹೊಸ ಮನೆಗೆ ದಾರಿ ಆಯ್ತು. 1982ರಲ್ಲೇ ಡೊನಾಲ್ ಹಿಕಿ ಅನ್ನೋ ವಿಜ್ಞಾನಿ, ಸ್ವಾರ್ಥಿ ಡಿಎನ್‌ಎ ಹರಡೋಕೆ ಲೈಂಗಿಕ ಸಂತಾನ ಹೇಳಿಮಾಡಿಸಿದ ದಾರಿ ಅಂತ ಲೆಕ್ಕ ಹಾಕಿ ತೋರಿಸಿದ್ರು, ಆಗ ಫ್ಯೂಸೆಕ್ಸಿನ್ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ನನಗೆ ಈ ಮೂರನೇ ದಾರಿ ಹೆಚ್ಚು ಒಪ್ಪಿಗೆ ಆಗುತ್ತೆ, ವೈರಸ್ಸೂ ಅಲ್ಲದ ಪೂರ್ತಿ ಕೋಶದ್ದೂ ಅಲ್ಲದ ಅಲೆಮಾರಿ ಡಿಎನ್‌ಎ ಮೂಲಕ ಈ ಜೀನ್ ಅತ್ತಿತ್ತ ಓಡಾಡಿರಬೇಕು. ಆದ್ರೆ ಇದು ನನ್ನ ಒಲವು, ತೀರ್ಪಲ್ಲ, ಆ ಸಂಶೋಧಕರು ಕೂಡ ದಿಕ್ಕನ್ನ ಮುಕ್ತವಾಗೇ ಬಿಟ್ಟಿದ್ದಾರೆ, ನ್ಯೂಕ್ಲಿಯಸ್ ಇರೋ ಜೀವಿಯಿಂದಲೇ ಆರ್ಕಿಯಾಗೆ ವಾಪಸ್ ಹೋಗಿರೋ ಸಾಧ್ಯತೆನೂ ಬಾಕಿ ಇದೆ. ಹುಡುಗರಿಗೆ "ವೈರಸ್ಸೂ ಗ್ಯಾಮೀಟೂ ಒಂದೇ ಮೂಲದ ಪ್ರೋಟೀನ್ ಬಳಸ್ತವೆ" ಅಂತ ಹೇಳಿ, "ವೈರಸ್ಸಿಂದ ಬಂತು" ಅಂತ ಹೇಳಬೇಡಿ.

ಇನ್ನು ನಮ್ಮಲ್ಲಿ ಇದೆಯಾ ಅನ್ನೋ ಪ್ರಶ್ನೆ. ಇಲ್ಲ. ಬೆನ್ನೆಲುಬಿರೋ ಪ್ರಾಣಿಗಳಲ್ಲಿ ಹ್ಯಾಪ್2 ಇಲ್ಲ, ಶಿಲೀಂಧ್ರಗಳಲ್ಲೂ ಇಲ್ಲ, ಪೂರ್ವಜರಲ್ಲಿ ಇದ್ದಿದ್ದನ್ನ ದಾರಿಯಲ್ಲಿ ಕಳ್ಕೊಂಡಿದ್ದಾರೆ. ಬದಲಿಗೆ ಏನು ಬಂತು ಅನ್ನೋದು ಇನ್ನೂ ಗೊಂದಲ. 2005ರಲ್ಲಿ ಜಪಾನಿನ ಒಸಾಕಾದಲ್ಲಿ ವೀರ್ಯಾಣುವಿನ ಮೇಲೆ ಇಜುಮೊ1 ಅನ್ನೋ ಪ್ರೋಟೀನ್ ಸಿಕ್ತು, ಮದುವೆ ಕೂಡಿಸೋ ದೇವರಿಗೆ ಹೆಸರಾದ ಜಪಾನಿನ ಒಂದು ದೇವಸ್ಥಾನದ ಹೆಸರನ್ನೇ ಅದಕ್ಕೆ ಇಟ್ರು. ಆ ಜೀನ್ ತೆಗೆದ ಗಂಡು ಇಲಿಗಳು ಗಟ್ಟಿಮುಟ್ಟಾಗಿರ್ತವೆ, ವೀರ್ಯಾಣು ಈಜುತ್ತೆ, ಅಂಡಾಣುವಿನ ಹೊರಕವಚ ದಾಟುತ್ತೆ, ಪೊರೆ ಹತ್ರ ಹೋಗಿ ಸುಮ್ನೆ ನಿಲ್ಲುತ್ತೆ. ಅದನ್ನೇ ಸೂಜಿಯಿಂದ ಅಂಡಾಣುವಿನ ಒಳಗೆ ಹಾಕಿದ್ರೆ ಮರಿ ಹುಟ್ಟುತ್ತೆ. ಐವಿಎಫ್ ಸೆಂಟರ್‌ಗಳಲ್ಲಿ ಇಕ್ಸಿ ಅಂತ ಮಾಡ್ತಾರಲ್ಲ, 1992ರಿಂದ ಇದೆ, ಅದು ಈ ಇಡೀ ಪೊರೆ ಕೂಡಿಸೋ ಹಂತವನ್ನೇ ದಾಟಿಸಿಬಿಡೋ ಉಪಾಯ.

ಅಂಡಾಣುವಿನ ಕಡೆಯ ಜೊತೆಗಾರ ಸಿಗೋಕೆ 2014 ಆಯ್ತು, ಇಂಗ್ಲೆಂಡಿನ ಸ್ಯಾಂಗರ್ ಇನ್‌ಸ್ಟಿಟ್ಯೂಟಿನವರು ಜುನೋ ಅಂತ ಹೆಸರಿಟ್ರು. ಅದಕ್ಕೂ ಮುಂಚೆ ಅದನ್ನ ಫೋಲೇಟ್ ವಿಟಮಿನ್ ಹಿಡಿಯೋ ಪ್ರೋಟೀನ್ ಅಂತ ಲಿಸ್ಟಲ್ಲಿ ಹಾಕಿದ್ರು, ನೋಡಿದ್ರೆ ಅದು ಫೋಲೇಟ್ ಹಿಡಿಯೋದೇ ಇಲ್ಲ. ಒಂದು ವೀರ್ಯಾಣು ಕೂಡಿದ ಮೇಲೆ ಇಲಿಯ ಅಂಡಾಣು ಮುಕ್ಕಾಲು ಗಂಟೆಯ ಒಳಗೆ ಜುನೋವನ್ನ ಮೈಮೇಲಿಂದ ಉದುರಿಸಿಬಿಡುತ್ತೆ, ಪಾಚಿ ಮಾಡಿದ ಕೆಲಸಾನೇ, ಪ್ರೋಟೀನ್ ಬೇರೆ.

ಆದ್ರೆ ಇಜುಮೊ ಒಂದು ಕೋಶಕ್ಕೆ, ಜುನೋ ಇನ್ನೊಂದಕ್ಕೆ ಹಾಕಿ ಎದುರುಬದುರು ಬಿಟ್ರೆ ಗಟ್ಟಿಯಾಗಿ ಅಂಟ್ತವೆ, ಕೂಡಲ್ಲ. ಮೇಲೆ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ, ಇವು ಅಂಟಿಸೋ ಜೋಡಿ. 2023ರಲ್ಲಿ ಪೊಡ್ಬಿಲೆವಿಚ್ ಲ್ಯಾಬಿನಿಂದಲೇ, ಇಜುಮೊ ತಾನೇ ಕೋಶ ಕೂಡಿಸಬಲ್ಲದು ಅನ್ನೋ ವರದಿ ಬಂತು, ಎಲ್ಲರೂ ಒಪ್ಪಿಲ್ಲ. 2024ರಲ್ಲಿ ವಿಯೆನ್ನಾದ ಆಂಡ್ರಿಯಾ ಪೌಲಿ ಗುಂಪು ಪ್ರೋಟೀನಿನ ಆಕಾರ ಊಹಿಸೋ ಆಲ್ಫಾಫೋಲ್ಡ್ ಎಐ ಬಳಸಿ ಹುಡುಕಿ, ಇಜುಮೊ1 ಒಂಟಿಯಲ್ಲ, ಸ್ಪಾಕಾ6, ಟಿಮೆಮ್81 ಅನ್ನೋ ಇನ್ನೆರಡರ ಜೊತೆ ಕಟ್ಟಾಗಿರುತ್ತೆ, ಮೀನಿಂದ ಹಿಡಿದು ಮನುಷ್ಯರವರೆಗೂ ಈ ಕಟ್ಟು ಇದೆ ಅಂತ ತೋರಿಸ್ತು. ಎದುರು ಕಡೆ ಮಾತ್ರ ಬೇರೆ. ಜೀಬ್ರಾಮೀನಿನ ಅಂಡದಲ್ಲಿ ಜುನೋ ಕೆಲಸ ಮಾಡೋದು ಬೌನ್ಸರ್ ಅನ್ನೋ ಪುಟ್ಟ ಪ್ರೋಟೀನ್, ಅದರ ಮಡಿಕೆ ನಾಗರಹಾವಿನ ವಿಷದ ಕೆಲವು ಪ್ರೋಟೀನ್‌ಗಳ ಮಡಿಕೆಯ ಥರಾನೇ. 2018ರಲ್ಲಿ ಇದೇ ಗುಂಪು ಜೀಬ್ರಾಮೀನಿನ ಅಂಡಕ್ಕೆ ತನ್ನ ಬೌನ್ಸರ್ ಬದಲು ಮೆಡಾಕಾ ಅನ್ನೋ ಬೇರೆ ಮೀನಿನ ಬೌನ್ಸರ್ ಹಾಕಿದಾಗ ಮೆಡಾಕಾ ವೀರ್ಯಾಣು ಬಂದು ಕೂಡ್ತು, ಆ ಎರಡು ಮೀನು ಬೇರೆಯಾಗಿ ಹತ್ತಾರು ಕೋಟಿ ವರ್ಷ ಆಗಿದೆ! ಸಸ್ತನಿಗಳಲ್ಲಿ ಬೌನ್ಸರಿನ ದಾಯಾದಿ ಜೀನ್ ಇದೆ, ಆದ್ರೆ ಅದು ಅಂಡದಲ್ಲಿ ಅಲ್ಲ, ವೀರ್ಯಾಣುವಿನ ಮೇಲೆ. ಇಂಥದ್ದನ್ನೆಲ್ಲ ನೋಡಿದಾಗ ವಿಕಾಸಕ್ಕೆ ನಾವು ಹುಡುಕೋ ಲಾಜಿಕ್ಕು ಯಾವಾಗಲೂ ಇರುತ್ತೆ ಅನ್ನೋ ಭರವಸೆ ಕಮ್ಮಿಯಾಗುತ್ತೆ.

ಹ್ಯಾಪ್2 ನಮ್ಮಲ್ಲಿ ಇಲ್ಲದಿರೋದರಿಂದ ಒಂದು ಉಪಯೋಗ ಇದೆ, ಅದು ಮಲೇರಿಯಾದ್ದು. ಮಲೇರಿಯಾ ಪರಾವಲಂಬಿಯ ಗಂಡು ಹೆಣ್ಣು ಕೂಡೋದು ನಮ್ಮ ದೇಹದಲ್ಲಿ ಅಲ್ಲ, ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ. ಸೊಳ್ಳೆ ಕುಡಿಯೋ ರಕ್ತದ ಜೊತೆ ನಮ್ಮ ಆಂಟಿಬಾಡಿಗಳೂ ಅದರ ಹೊಟ್ಟೆಗೆ ಹೋಗ್ತವೆ. ಹ್ಯಾಪ್2 ತುದಿಯ ಆ ಚುಚ್ಚೋ ಕುಣಿಕೆಯನ್ನೇ ಗುರಿಯಾಗಿಟ್ಟು ಮಾಡಿದ ಆಂಟಿಬಾಡಿಗಳು ಸೊಳ್ಳೆಯೊಳಗೆ ಪರಾವಲಂಬಿಯ ಬೆಳವಣಿಗೆಯನ್ನ ತಡೀತವೆ ಅಂತ 2017ರಲ್ಲಿ ತೋರಿಸಿದ್ರು, ಇಲಿಯ ಮಲೇರಿಯಾದಲ್ಲೂ, ಮನುಷ್ಯರಿಗೆ ಬರೋ ಫಾಲ್ಸಿಪೆರಂನಲ್ಲೂ. ನಮ್ಮ ವೀರ್ಯಾಣು ಅಂಡಾಣುಗಳ ಮೇಲೆ ಹ್ಯಾಪ್2 ಇಲ್ಲವೇ ಇಲ್ಲದ್ದರಿಂದ, ಇಂಥ ಆಂಟಿಬಾಡಿ ಹುಟ್ಟಿಸೋ ಲಸಿಕೆ ಮಾಡಿದ್ರೆ ಅದು ಮಕ್ಕಳಾಗೋದಕ್ಕೆ ಅಡ್ಡಿ ಬರುತ್ತೆ ಅನ್ನೋ ಭಯಕ್ಕೆ ಆಧಾರ ಇಲ್ಲ. ಇಂಥ ಲಸಿಕೆ ಹಾಕಿಸಿಕೊಂಡೋರಿಗೆ ಆ ಸಲದ ಜ್ವರ ತಪ್ಪಲ್ಲ, ಅವರನ್ನ ಕಚ್ಚಿದ ಸೊಳ್ಳೆ ಪಕ್ಕದ ಮನೆಗೆ ಮಲೇರಿಯಾ ಒಯ್ಯೋದು ತಪ್ಪುತ್ತೆ. ಹಾಗಾಗಿ ಊರಲ್ಲಿ ಬಹಳ ಜನ ಹಾಕಿಸಿಕೊಂಡ್ರೆ ಮಾತ್ರ ಪ್ರಯೋಜನ.